ತಮ್ಮನ ಆಟ ನಿಲ್ಲಿಸಿದ್ದು ನಾನು

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಕ್ವಾರ್ಟರ್ಸಿನಿಂದ ಎರಡು ಸಾಲು ಆಚೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಒಂದು ಸಣ್ಣ ಕೋಣೆ, ಮೂರು ಟಿ.ವಿ., ಗೋಡೆಗೆ ಒಂದು ಗಡಿಯಾರ. ಅರ್ಧ ಗಂಟೆಗೆ ಇಷ್ಟು ಎಂದು ದರ. ನನ್ನ ತಮ್ಮನಿಗೆ ಆಗ ಹತ್ತು ವರ್ಷ, ನನಗೆ ಹದಿನಾರು. ಏಳನೇ ತರಗತಿಗೆ ಶಾಲೆ ಬಿಟ್ಟು, ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಹೊಲಿಗೆ ಕಲಿಯುತ್ತಿದ್ದೆ. ತಮ್ಮನೂ ಪಕ್ಕದ ಸಾಲಿನ ಅವನ ಗೆಳೆಯನೂ ಕಾಸು ಸೇರಿಸಿ ಅರ್ಧ ಗಂಟೆ ಆಟ ಕೊಳ್ಳುತ್ತಿದ್ದರು. ಗೆಳೆಯನ ಮನೆಯಲ್ಲಿ ತಮಿಳು. ಅವನ ಅಪ್ಪ ಮತ್ತು ನಮ್ಮ ಅಪ್ಪ ಕಾರ್ಖಾನೆಯಲ್ಲಿ ಒಂದೇ ಪಾಳಿ.

"ಆಟ ಶುರುವಾಗೋಷ್ಟರಲ್ಲಿ ಟೈಮಾಯ್ತು ಅಂತ ಎಬ್ಬಿಸ್ತಾನೆ ಅಕ್ಕ" ಎಂದು ತಮ್ಮ ದೂರಿದ. ಒಂದು ಸಂಜೆ ನಾನೇ ಹೋಗಿ ಬಾಗಿಲಲ್ಲಿ ನಿಂತೆ. ಆಟ ಆರಂಭಿಸುವಾಗ ಅಂಗಡಿಯವನು ತನ್ನ ಕೈಗಡಿಯಾರ ನೋಡಿದ. ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಊರಿನವರೆಲ್ಲ ಸಮಯ ಸರಿಮಾಡಿಕೊಳ್ಳುತ್ತಿದ್ದ ಸೈರನ್ ಅದು. ಗೋಡೆಯ ಗಡಿಯಾರ ಅದಕ್ಕಿಂತ ಏಳು ನಿಮಿಷ ಮುಂದಿತ್ತು. ಆಟ ಮುಗಿಸುವಾಗ ಅವನು ಗೋಡೆ ನೋಡಿ "ಏಳ್ರೋ" ಎಂದ.

"ಶುರು ಮಾಡೋವಾಗ ಕೈ ನೋಡ್ತೀರ, ಎಬ್ಬಿಸೋವಾಗ ಗೋಡೆ ನೋಡ್ತೀರಲ್ಲಣ್ಣ, ಯಾಕೆ?" ಎಂದು ಕೇಳಿದೆ.

"ಏನಮ್ಮ, ನೀನೇನು ಇನ್ಸ್‌ಪೆಕ್ಟರಾ?"

"ಆಟ ಶುರುವಾಗೋವಾಗ ಸೈರನ್ ಕೂಗಿದ್ದು ನೀವೂ ಕೇಳಿದ್ರಲ್ಲ. ಈ ಗೋಡೆ ಗಡಿಯಾರ ಏಳು ನಿಮಿಷ ಮುಂದಿದೆ."

ಅವನು ನನ್ನನ್ನೂ ಗಡಿಯಾರವನ್ನೂ ನೋಡಿ ನಕ್ಕುಬಿಟ್ಟ. "ಇನ್ನೂ ಹತ್ತು ನಿಮಿಷ ಆಡ್ಕೊಂಡು ಹೋಗ್ರೋ, ನಿಮ್ಮಕ್ಕನ ಕಾಟ ಬೇಡ" ಎಂದ. ಮಾರನೆಯ ದಿನ ನಾನು ಆ ಕಡೆ ಹೋದರೆ "ಬಾರಮ್ಮ ಇನ್ಸ್‌ಪೆಕ್ಟ್ರೇ" ಎಂದು ಕರೆದ. ಹಿಂದಿನ ಸಂಜೆ ಮನೆಗೆ ಬರುವ ದಾರಿಯಲ್ಲಿ ಗೆಳೆಯ ನನ್ನ ತಮ್ಮನ ಹೆಗಲ ಮೇಲೆ ಕೈ ಹಾಕಿ, "ನಿಮ್ಮ ಅಕ್ಕ ಇದ್ರೆ ನಮಗೆ ಯಾರೂ ಮೋಸ ಮಾಡೋಕಾಗಲ್ಲ ಕಣೋ" ಎಂದಿದ್ದ. ಶಾಲೆಯಲ್ಲಿ ಯಾರೂ ನನ್ನನ್ನು ಜಾಣೆ ಎಂದಿರಲಿಲ್ಲ. ಆ ಮಾತು ನನಗೆ ಅಷ್ಟು ಹಿಡಿಸಿತು. ಅದೇ ಮಾತು ಮತ್ತೆ ಕೇಳಬೇಕೆಂದು ಎಲ್ಲ ಅಂಗಡಿಯ ಎಲ್ಲ ಗಡಿಯಾರವನ್ನೂ ಅನುಮಾನದಿಂದ ನೋಡುವುದನ್ನು ಕಲಿತೆ.

ಈಗ ನಾನು ಶಿವಮೊಗ್ಗದ ವಿನೋಬನಗರದಲ್ಲಿದ್ದೇನೆ. ಯಜಮಾನರು ಅಕ್ಕಿ ಗಿರಣಿಗೆ ಹೋಗಿ ಬರುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ. ಹಾಲಿನ ಪ್ಯಾಕೆಟ್ಟನ್ನು ಇವತ್ತಿಗೂ ಕೈಯಲ್ಲಿ ತೂಗಿ ನೋಡುತ್ತೇನೆ. ಬಿಸ್ಕತ್ತಿನ ಪೊಟ್ಟಣದ ಬೆಲೆ ಅದೇ ಇದ್ದು ಬಿಸ್ಕತ್ತು ಎರಡು ಕಡಿಮೆಯಾದದ್ದು ನಮ್ಮ ಬೀದಿಯಲ್ಲಿ ಮೊದಲು ಗೊತ್ತಾಗಿದ್ದು ನನಗೇ. ಅಳತೆ ಕೊಡಲು ಬಂದ ಗಿರಾಕಿ ಫೋನಿನಲ್ಲಿ ಆಟೋ ಕರೆಯುವಾಗ, ನನ್ನ ಫೋನನ್ನೂ ಪಕ್ಕದಲ್ಲಿಟ್ಟು ಅದೇ ಜಾಗಕ್ಕೆ ದರ ನೋಡುತ್ತೇನೆ. ಎರಡರಲ್ಲೂ ಬೇರೆ ಬೇರೆ ಬರುತ್ತದೆ. ಯಾಕೆ ಎಂದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ಗಾಂಧಿ ಬಜಾರಿನಲ್ಲಾದರೆ ಕೇಳಬಹುದು. ಲೇಸು, ಬಟನ್ನು ಕೊಳ್ಳುವಾಗ ನನ್ನ ಪದ್ಧತಿ ಒಂದೇ, ಹೇಳಿದ್ದರ ಅರ್ಧಕ್ಕೆ ಕೇಳುವುದು. "ನನಗೇ ಗಿಟ್ಟಲ್ಲ ಅಕ್ಕ" ಎನ್ನುತ್ತಾನೆ ಅಂಗಡಿಯವನು. ನಾನು ಹೊರಡುತ್ತೇನೆ. ನಾಲ್ಕು ಹೆಜ್ಜೆ ಹೋದ ಮೇಲೆ ಕರೆಯುತ್ತಾನೆ. ಲೇಸು ಬಣ್ಣ ಬಿಟ್ಟರೆ ತಿರುಗಿ ಹೋಗಿ, ದಾರಿಹೋಕರಿಗೂ ಕೇಳುವ ಹಾಗೆ ಬೈದು ದುಡ್ಡು ವಾಪಸ್ ಕೇಳುತ್ತೇನೆ. ಅವನೂ ಬೈಯುತ್ತಾನೆ. ಕೊನೆಗೆ ಅರ್ಧವೋ ಮುಕ್ಕಾಲೋ ಕೊಡುತ್ತಾನೆ. ಮುಂದಿನ ವಾರ "ಬನ್ನಿ ಅಕ್ಕ, ಹೊಸ ಮಾಲ್ ಬಂದಿದೆ" ಎಂದು ಸ್ಟೂಲು ಎಳೆದು ಹಾಕುತ್ತಾನೆ. ವಾಪಸ್ ಕೇಳುವುದು ವ್ಯಾಪಾರದ ಒಂದು ಭಾಗ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ನಂಬಿದ್ದೆ. ನನ್ನ ತಪ್ಪು ಹುಟ್ಟಿದ್ದು ಈ ನಂಬಿಕೆಯಿಂದ.

ತಮ್ಮ ನ್ಯೂ ಟೌನಿನಲ್ಲೇ ಉಳಿದ. ಐ.ಟಿ.ಐ. ಓದಿ, ಕಾಂಟ್ರಾಕ್ಟ್ ಕೆಲಸ ನಿಂತ ಮೇಲೆ ಒಂದು ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸಕ್ಕೆ ಸೇರಿದ. ಮದುವೆಯಾಗಿಲ್ಲ. ಎರಡು ಮೂರು ಕಡೆ ಹೆಣ್ಣು ನೋಡಿದೆವು, ಅವರು ಇವನ ಕೆಲಸ ನೋಡಿದರು. ಗೆಳೆಯ ಬಳ್ಳಾರಿ ಕಡೆಯ ಒಂದು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ. ಅವರಿಬ್ಬರ ಸ್ನೇಹ ಉಳಿದದ್ದು ಫೋನಿನ ಆಟದಲ್ಲಿ. ನಾಲ್ಕು ಜನ ಒಂದು ತಂಡವಾಗಿ ಬೇರೆ ತಂಡದವರ ಮೇಲೆ ಯುದ್ಧ ಮಾಡುವ ಆಟ. ಸಂಜೆ ಏಳೂವರೆಗೆ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತರೆ ಒಂಬತ್ತರವರೆಗೆ ಅವರ ಮಾತು. ಯುದ್ಧದ ಮಾತಿಗಿಂತ ಮೆಸ್ಸಿನ ಸಾಂಬಾರು, ಮೇಸ್ತ್ರಿಯ ಬೈಗುಳ, ಗೆಳೆಯನ ಅಪ್ಪನ ಕೆಮ್ಮು, ಇವೇ ಹೆಚ್ಚು. ಆರು ವರ್ಷ ಹೀಗೆ ನಡೆಯಿತು. ತಮ್ಮನೇ ತಂಡದ ನಾಯಕ. ಪಾಳಿಯಿಂದಾಗಿ ಆಟ ತೆರೆಯಲಾಗದ ದಿನ, ದಿನದ ಬಹುಮಾನ ತಪ್ಪಬಾರದೆಂದು ಆಟಕ್ಕೂ ಈಮೇಲಿಗೂ ಒಂದೇ ಆಗಿದ್ದ ತನ್ನ ಪಾಸ್‌ವರ್ಡನ್ನು ಗೆಳೆಯನಿಗೆ ಕೊಟ್ಟಿದ್ದ. ಅದನ್ನು ಕೇಳಿ ನಾನು, "ಪಾಸ್‌ವರ್ಡ್ ಯಾರಿಗಾದ್ರೂ ಕೊಡ್ತಾರೇನೋ ಮಾರಾಯ?" ಎಂದು ಬೈದಿದ್ದೆ.

"ಅವನು ಯಾರೋ ಅಲ್ಲ ಅಕ್ಕ."

"ಮೋಸ ಮಾಡೋರು ಯಾವಾಗ್ಲೂ ಗುರುತಿನೋರೇ."

ಈ ಮಾತನ್ನೂ ನೆನಪಿಟ್ಟುಕೊಂಡಿದ್ದೇನೆ, ಯಾಕೆಂದರೆ ಅದು ನಿಜವಾಯಿತು.

ಫೋನಿನ ಆಟದೊಳಗಿನ ಅಂಗಡಿಯ ಬಗ್ಗೆ ತಮ್ಮನಿಗೂ ಸಿಟ್ಟಿತ್ತು. ಆಟ ಪುಕ್ಕಟೆ, ಆದರೆ ಒಳಗೆ ಒಳ್ಳೆಯ ಬಂದೂಕು, ಒಳ್ಳೆಯ ಅಂಗಿ ಬೇಕಾದರೆ ಆಟದ ನಾಣ್ಯವಾದ ಹರಳನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಅಂಗಿಗೆ ನೂರು ಹರಳು, ಮಾರುವುದು ಎಂಬತ್ತರ ಕಟ್ಟಿನಲ್ಲಿ. ಎರಡು ಕಟ್ಟು ಕೊಂಡರೆ ಅರುವತ್ತು ಉಳಿಯುತ್ತದೆ, ಅದಕ್ಕೆ ಏನೂ ಬರುವುದಿಲ್ಲ. ನನಗೆ ತಕ್ಷಣ ಅರ್ಥವಾಯಿತು. ಶರ್ಟಿಗೆ ಏಳು ಬಟನ್ ಬೇಕು, ಅವರು ಹಾಳೆಗೆ ಆರು ಹೊಲಿದು ಮಾರಿದ ಹಾಗೆ. ಇನ್ನೊಂದು ಪೆಟ್ಟಿಗೆ ಇತ್ತು, ದುಡ್ಡು ಕೊಟ್ಟ ಮೇಲೆ ತೆರೆಯುವಂಥದ್ದು. ಒಳಗೆ ಏನಿದೆ ಎಂದು ಮೊದಲೇ ಹೇಳುವುದಿಲ್ಲ. "ಬಟ್ಟೆ ಅಂಗಡೀಲಿ ಹೀಗೆ ಕಟ್ಟಿಟ್ಟು ಮಾರಿದ್ರೆ ಜನ ಶಟರ್ ಎಳೀತಾರೆ" ಎಂದಿದ್ದೆ. ಹರಳಿಗಿಂತ ತಿಂಗಳ ಪಾಸು ಅಗ್ಗ ಎಂದು ಅವನು ಪಾಸಿನ ಲೆಕ್ಕಾಚಾರದಲ್ಲಿದ್ದ.

ನನ್ನ ಸಿಟ್ಟು ಹಾಡಿನ ಮೇಲೆ. ಮೂರು ವರ್ಷದ ಹಿಂದೆ ತಮ್ಮ ತನ್ನ ಹಳೆಯ ಫೋನನ್ನು ನನಗೆ ಕೊಟ್ಟ. "ನನ್ನ ಈಮೇಲ್ ಐಡಿನೇ ಇರ್ಲಿ ಅಕ್ಕ, ನೀನು ಹೊಸ ಪಾಸ್‌ವರ್ಡ್ ಮಾಡಿ ಮರೆತು ಫಜೀತಿ ಮಾಡ್ಕೊಳ್ತೀಯ" ಎಂದ. ಹೊಲಿಯುವಾಗ ಕೇಳಲು ಹಾಡಿನ ಆ್ಯಪು ಹಾಕಿಕೊಟ್ಟ. ಪುಕ್ಕಟೆ ಕೇಳಿದರೆ ಎರಡು ಹಾಡಿಗೊಮ್ಮೆ ಜಾಹೀರಾತು. ಒಂದು ಭಾನುವಾರ ಊಟಕ್ಕೆ ಬಂದವನು, "ತಿಂಗಳ ಪ್ಲ್ಯಾನ್ ಹಾಕ್ಕೊಡ್ತೀನಿ, ಜಾಹೀರಾತು ಬರಲ್ಲ" ಎಂದು ನನ್ನ ಬ್ಯಾಂಕಿನಿಂದ ತಾನಾಗಿ ಕಟ್ಟಾಗುವ ಹಾಗೆ ಜೋಡಿಸಿದ. ಅವತ್ತು ಒಂದು ಮದುವೆಯ ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಮೆಷಿನ್ ಓಡುತ್ತಿತ್ತು. ಅವನು ಫೋನು ಹಿಡಿದ, ನಾನು ಪಿನ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದು ಏನೋ ಹೇಳಿದ. ಹೂಂ ಎಂದು ಮತ್ತೊಮ್ಮೆ ಪಿನ್ ಒತ್ತಿದೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಏನೆಂದು ಕೇಳಲಿಲ್ಲ. ಅವತ್ತಿನಿಂದ ಅವನು ತಿಂಗಳಿಗೊಮ್ಮೆ ಭದ್ರಾವತಿಯ ಹೋಲ್‌ಸೇಲ್ ಅಂಗಡಿಯಿಂದ ನನಗೆ ಲೈನಿಂಗ್ ಬಟ್ಟೆ ತಂದುಕೊಡತೊಡಗಿದ. ದುಡ್ಡು ಕೊಡಹೋದರೆ "ಇರ್ಲಿ ಬಿಡಕ್ಕ" ಎನ್ನುತ್ತಿದ್ದ. ತಮ್ಮನಿಗೆ ಬುದ್ಧಿ ಬಂತು, ಅಕ್ಕನ ಮೇಲೆ ಪ್ರೀತಿ ಹೆಚ್ಚಾಯಿತು ಎಂದುಕೊಂಡೆ.

ವರ್ಷ ಕಳೆದ ಮೇಲೆ ಹಾಡಿನವರು ದರ ಏರಿಸಿದರು. ಅಷ್ಟೇ ಆಗಿದ್ದರೆ ಬಿಡುತ್ತಿದ್ದೆ. ನನ್ನ ಪಟ್ಟಿಯ ಏಳೆಂಟು ಹಾಡುಗಳು ಒಂದು ಬೆಳಿಗ್ಗೆ ಬೂದು ಬಣ್ಣಕ್ಕೆ ತಿರುಗಿದ್ದವು, ಒತ್ತಿದರೆ ಹಾಡುವುದಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಅಪ್ಪ ಕೊಂಡ ಕ್ಯಾಸೆಟ್ಟು ಸುರುಳಿ ಸಿಕ್ಕಿಕೊಂಡರೂ ಪೆನ್ಸಿಲಿನಲ್ಲಿ ಸುತ್ತಿ ಸರಿಮಾಡುತ್ತಿದ್ದೆವು. ಅದು ನಮ್ಮದಾಗಿತ್ತು. ಇದಕ್ಕೆ ಎಷ್ಟು ತಿಂಗಳು ಕಟ್ಟಿದರೂ ನಮ್ಮದಾಗುವುದಿಲ್ಲ. ಅದರ ಮೇಲೆ, ಹೊಸದಾಗಿ ಸೇರುವವರಿಗೆ ಮೂರು ತಿಂಗಳು ಪುಕ್ಕಟೆ ಎಂದು ನನ್ನ ಫೋನಿನಲ್ಲೇ ಜಾಹೀರಾತು ತೋರಿಸಿದರು. ಹಳೆಯ ಗಿರಾಕಿಗೆ ನಾವು ಸೀರೆಗೆ ಫಾಲ್ಸಾದರೂ ಬಿಟ್ಟಿ ಹಾಕಿಕೊಡುತ್ತೇವೆ. ಇವರು ಹಳಬರ ಹತ್ತಿರ ಕಿತ್ತು ಹೊಸಬರಿಗೆ ಹಂಚುತ್ತಾರೆ.

ಅನುಮಾನ ಬಂದ ಮೇಲೆ ಬ್ಯಾಂಕಿನ ಮೆಸೇಜುಗಳನ್ನು ಒಂದೊಂದಾಗಿ ಓದಿದೆ. ಹಾಡಿನದ್ದಲ್ಲದೆ ಇನ್ನೊಂದು ಮೊತ್ತವೂ ಪ್ರತಿ ತಿಂಗಳು ಹೋಗಿತ್ತು. ಇವರೇ ಬೇರೆ ಹೆಸರಿನಲ್ಲಿ ಎರಡು ಸಲ ಕಿತ್ತುಕೊಳ್ಳುತ್ತಿದ್ದಾರೆ ಎಂದು ನನಗೆ ಗ್ಯಾರಂಟಿಯಾಯಿತು. ನವುಲೆಯ ಕೃಷಿ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಬ್ಲೌಸು ಸಡಿಲ ಮಾಡಿಸಲು ಬಂದಿದ್ದಳು. ಅವಳಿಗೆ ತೋರಿಸಿದೆ.

"ಆಂಟಿ, ಇದು ಹಾಡಿಂದಲ್ಲ, ಯಾವ್ದೋ ಗೇಮಿಂದು. ನಿಮ್ಮ ಮನೇಲಿ ಯಾರಾದ್ರೂ ಗೇಮ್ ಆಡ್ತಾರಾ?"

"ನನ್ನ ತಮ್ಮ ಆಡ್ತಾನೆ. ಅವನು ಭದ್ರಾವತೀಲಿ ಇರೋದು."

"ಹಾಗಾದ್ರೆ ಅವರೇ. ಬೇಡ ಅಂದ್ರೆ ರೀಫಂಡ್ ಕೇಳಿ, ಕೊಟ್ರೂ ಕೊಡ್ತಾರೆ" ಎಂದು ಆ ಜಾಗ ತೆಗೆದು ತೋರಿಸಿ, ಬ್ಲೌಸು ತೆಗೆದುಕೊಂಡು ಹೋದಳು.

ಅವಳು ಹೋದ ಮೇಲೆ ನಾನು ತಮ್ಮನಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಅಕ್ಕನ ಬ್ಯಾಂಕಿನಿಂದ ಗುಟ್ಟಾಗಿ ಆಟ ಆಡುತ್ತಿದ್ದಾನೆ, ಅದನ್ನು ಮುಚ್ಚಲು ಲೈನಿಂಗ್ ತಂದು ಪ್ರೀತಿ ತೋರಿಸುತ್ತಿದ್ದಾನೆ ಎಂದು ಕೂತಲ್ಲೇ ತೀರ್ಮಾನ ಮಾಡಿದೆ. ಫೋನು ಕನ್ನಡದಲ್ಲೇ ಕೇಳುತ್ತಿತ್ತು, ಯಾಕೆ ವಾಪಸ್ ಬೇಕು ಎಂದು. ನಾಲ್ಕೈದು ಕಾರಣ ಬರೆದಿತ್ತು. ನನಗೆ ತಿಳಿಯದೆ ಮನೆಯವರು ಕೊಂಡಿದ್ದಾರೆ ಎನ್ನುವುದನ್ನು ಒತ್ತಿದೆ. ಹಿಂದಿನ ತಿಂಗಳುಗಳದ್ದಕ್ಕೂ ಒಂದೊಂದಾಗಿ ಅದನ್ನೇ ಒತ್ತಿದೆ. ಎಲ್ಲ ಕೇಳಿದರೆ ಅರ್ಧ ಕೊಡುತ್ತಾರೆ ಎನ್ನುವುದು ಬಜಾರಿನ ಲೆಕ್ಕ. ಕೊನೆಯ ಎರಡು ತಿಂಗಳದ್ದು ವಾಪಸ್ ಬಂತು. ಆ ಮಧ್ಯಾಹ್ನ ನನಗಾದ ಖುಷಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಇಷ್ಟು ದೊಡ್ಡ ಕಂಪನಿಯನ್ನು ಏಳನೇ ತರಗತಿಯವಳು ಬಗ್ಗಿಸಿದೆ ಎಂದು ಒಬ್ಬಳೇ ಚಹಾ ಮಾಡಿಕೊಂಡು ಕುಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ತಮ್ಮನ ಫೋನು.

"ಅಕ್ಕ, ನನ್ನ ಗೇಮ್ ಹೋಯ್ತು."

"ಹೋಯ್ತು ಅಂದ್ರೆ?"

"ಲಾಕ್ ಮಾಡಿದಾರೆ. ದುಡ್ಡು ಕೊಟ್ಟು ವಾಪಸ್ ತಗೊಂಡಿದೀರಿ, ಇದು ಮೋಸ ಅಂತ ಬರ್ತಿದೆ. ನಾನೆಲ್ಲಿ ವಾಪಸ್ ತಗೊಂಡೆ? ಆರು ವರ್ಷದ್ದಕ್ಕ. ತಂಡ, ಪಾಯಿಂಟು ಎಲ್ಲ ಹೋಯ್ತು. ಪತ್ರ ಬರೆದ್ರೆ ಪೂರ್ತಿ ಮುಚ್ಚಿದೀವಿ ಅಂತಾರೆ."

ನನ್ನ ಕಾಲು ಮೆಷಿನ್ನಿನ ಪೆಡಲಿನ ಮೇಲೇ ನಿಂತುಬಿಟ್ಟಿತು. ಈ ಅಂಗಡಿಯಲ್ಲಿ ವಾಪಸ್ ಕೇಳಿದರೆ ಮುಂದಿನ ವಾರ ಯಾರೂ ಸ್ಟೂಲು ಎಳೆದು ಹಾಕುವುದಿಲ್ಲ, ಕೇಳಿದವರನ್ನೇ ಕಳ್ಳರ ಪಟ್ಟಿಗೆ ಹಾಕುತ್ತಾರೆ ಎಂದು ಆಗ ಗೊತ್ತಾಯಿತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮೆಲ್ಲಗೆ ಕೇಳಿದ.

"ಅಕ್ಕ, ಪಾಸ್‌ವರ್ಡ್ ಅವನೊಬ್ಬನ ಹತ್ರನೇ ಇರೋದು. ಅವನು ಮಾಡಿರ್ತಾನಾ?"

ನಾನು ಏನು ಹೇಳಿದೆನೆಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದೆ.

"ಹೌದು, ನೀನು ಹೇಳಿದ್ದೆ" ಎಂದು ಅವನು ಫೋನು ಇಟ್ಟುಬಿಟ್ಟ.

ಆ ಭಾನುವಾರ ಮನೆಗೆ ಬಂದ. ಆಟದ ಆ್ಯಪಿನ ಕೆಳಗೆ ಜನ ಅಭಿಪ್ರಾಯ ಬರೆಯುವ ಜಾಗವಿದೆಯಲ್ಲ, ಅಲ್ಲಿ ಬರೆಯೋಣ ಎಂದ. ನಾನು ಹೇಳುತ್ತಾ ಹೋದೆ, ಅವನು ಒತ್ತುತ್ತಾ ಹೋದ. "ಆರು ವರ್ಷದ ಗಿರಾಕಿಗೆ ಒಂದು ಮಾತು ಕೇಳದೆ ಬಾಗಿಲು ಹಾಕಿದ್ದೀರಿ. ನೂರರ ಅಂಗಿಗೆ ಎಂಬತ್ತರ ಕಟ್ಟು ಮಾರುವವರು ನಮ್ಮನ್ನು ಮೋಸಗಾರರೆನ್ನುತ್ತೀರಿ." ಚೆನ್ನಾಗಿ ಹೇಳಿದೆ ಎಂದು ಅವನು ತಲೆಯಾಡಿಸಿದ. ಒಂದೇ ನಕ್ಷತ್ರ ಕೊಟ್ಟ. ಆ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ, ಹೇಳಿದವಳು ಮಾತ್ರ ಸುಳ್ಳಿ. ಮಾರನೆಯ ದಿನ ಉತ್ತರ ಬಂತು, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು. ನಮ್ಮ ಮೇಲೆ ಬರೆದವರಿಗೂ ಕೆಳಗೆ ಬರೆದವರಿಗೂ ಅದೇ ಉತ್ತರವಿತ್ತು.

ಆ ಭಾನುವಾರ ಹೋಗುವ ಮೊದಲು ತಮ್ಮ ಚೀಲದಿಂದ ಲೈನಿಂಗ್ ಬಟ್ಟೆ ತೆಗೆದಿಟ್ಟ.

"ಪ್ರತಿ ತಿಂಗಳು ಯಾಕೋ ತರ್ತೀಯ, ದುಡ್ಡಾದ್ರೂ ತಗೋ" ಎಂದೆ.

"ಪಾಸಿನ ಲೆಕ್ಕಕ್ಕೆ ಅಲ್ವಾ ಅಕ್ಕ ತರ್ತಿದ್ದಿದ್ದು. ಪಿನ್ ಹಾಕೋವಾಗ್ಲೇ ಹೇಳಿದ್ನಲ್ಲ, ಇದು ನನ್ನ ಗೇಮ್ ಪಾಸು, ನಿನ್ನ ಬ್ಯಾಂಕಿಂದ ಹೋಗ್ಲಿ, ಅಷ್ಟಕ್ಕೆ ಲೈನಿಂಗ್ ತಂದ್ಕೊಡ್ತೀನಿ ಅಂತ. ನೀನು ಹೂಂ ಅಂದಿದ್ದೆ. ಇನ್ಮೇಲೆ ಪಾಸೂ ಇಲ್ಲ. ಇದೊಂದು ಇರ್ಲಿ ಬಿಡು."

ಅವನು ಬಸ್ಸಿಗೆ ಹೋದ. ನಾನು ಆ ಬಟ್ಟೆಯನ್ನು ಎಷ್ಟೋ ದಿನ ಕತ್ತರಿಸದೆ ಇಟ್ಟಿದ್ದೆ. ಊರಿನ ಗಡಿಯಾರಗಳನ್ನೆಲ್ಲ ಅನುಮಾನದಿಂದ ನೋಡಿದವಳು, ನನ್ನ ತಮ್ಮ ಎದುರಿಗೆ ನಿಂತು ಹೇಳಿದ ಒಂದು ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಒಂದು ವಾರಕ್ಕೆ ಗೆಳೆಯನೇ ನನಗೆ ಫೋನು ಮಾಡಿದ. ಚಿಕ್ಕಂದಿನಿಂದ ನನ್ನನ್ನು ಅಕ್ಕಾ ಎಂದು ಎಳೆದು ಕರೆಯುತ್ತಾನೆ.

"ಅಕ್ಕಾ, ಅವನು ನನ್ನ ಫೋನ್ ಎತ್ತುತಾ ಇಲ್ಲ. ಗೇಮ್ ನಾನೇ ಹಾಳು ಮಾಡಿದೆ ಅಂತ ತಂಡದ ಹುಡುಗರಿಗೆಲ್ಲ ಹೇಳಿದಾನೆ. ನಾನು ಮಾಡಿಲ್ಲ ಅಕ್ಕಾ."

"ಹೂಂ."

"ನೀವು ಹೇಳಿ ಅಕ್ಕಾ. ನೀವು ಹೇಳಿದ್ರೆ ನಂಬ್ತಾನೆ. ನೀವು ಹೇಳಿದ್ರೇನೇ ನಂಬೋದು."

ಕೊನೆಯ ಮಾತನ್ನು ಅವನು ಸ್ವಲ್ಪ ಒತ್ತಿ ಹೇಳಿದ. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ. "ನೋಡ್ತೀನಪ್ಪ, ಸಮಯ ನೋಡಿ ಹೇಳ್ತೀನಿ" ಎಂದೆ. ಸಮಯ ನೋಡುತ್ತಲೇ ಏಳು ತಿಂಗಳು ಕಳೆದೆ. ತಮ್ಮ ಹೊಸ ಆಟ ಯಾವುದನ್ನೂ ಹಾಕಿಕೊಳ್ಳಲಿಲ್ಲ. ಸಂಜೆ ಏಳೂವರೆಗೆ ನನಗೇ ಫೋನು ಮಾಡತೊಡಗಿದ. ಏನಡಿಗೆ ಎಂದು ಕೇಳುತ್ತಿದ್ದ, ಆಮೇಲೆ ಮಾತು ಇರುತ್ತಿರಲಿಲ್ಲ. ವೇಬ್ರಿಡ್ಜಿನಲ್ಲಿ ಜೊತೆಯವನು ಚೀಟಿ ತಿದ್ದುತ್ತಾನೆ ಎನ್ನುತ್ತಿದ್ದ, ಓನರು ಒಳಗೊಳಗೇ ಏನೋ ಮಾಡುತ್ತಿದ್ದಾನೆ ಎನ್ನುತ್ತಿದ್ದ. ಎಲ್ಲರ ಮೇಲೂ ಅನುಮಾನ. ನನ್ನ ಮಾತಿನ ಧಾಟಿಯೇ ಅವನ ಬಾಯಲ್ಲಿ ಬರುತ್ತಿತ್ತು.

ಈ ವರ್ಷ ಗೆಳೆಯನ ಅಪ್ಪ ತೀರಿಕೊಂಡರು. ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಾಗ ತಮ್ಮನಿಗೆ ತಿಂಗಳುಗಟ್ಟಲೆ ಬೆಳಗಿನ ಇಡ್ಲಿ ಕೊಟ್ಟ ಮನೆ ಅದು. ತಮ್ಮ ಮಣ್ಣಿಗೆ ಹೋಗಲಿಲ್ಲ. ಪಕ್ಕದ ಸಾಲಿನಲ್ಲೇ ವಾದ್ಯ ಕೇಳಿಸುತ್ತಿದ್ದರೂ ಬಾಗಿಲು ಹಾಕಿಕೊಂಡು ಒಳಗೇ ಇದ್ದನಂತೆ. ಹದಿನಾರನೆಯ ದಿನದ ಕಾರ್ಯಕ್ಕೂ ಹೋಗುವುದಿಲ್ಲ ಎಂದ. "ಅವನ ಮುಖ ನೋಡೋಕಾಗಲ್ಲ ಅಕ್ಕ. ಅವರಪ್ಪನ್ನ ನೋಡೋಕೂ ಹೋಗಲಿಲ್ಲ ಅಂತ ನನಗೇ ಸಂಕಟ ಆಗುತ್ತೆ. ಆದ್ರೂ ಆಗಲ್ಲ."

ಹದಿನಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಭದ್ರಾವತಿಗೆ ಹೋದೆ. ತಮ್ಮ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ.

"ಏನಕ್ಕ, ಹೇಳದೆ ಬಂದೆ?"

"ಗೇಮ್ ಹೋಗಿದ್ದು ನನ್ನಿಂದ ಕಣೋ" ಎಂದೆ. ಬಸ್ಸಿನಲ್ಲಿ ಬೇರೆ ಬೇರೆ ರೀತಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟುಹೋಗಿ ಇದೊಂದೇ ಬಂತು. ಆಮೇಲೆ ಉಳಿದದ್ದನ್ನು ಹೇಳಿದೆ. ಯಾವ ಕಾರಣ ಒತ್ತಿದೆ ಎಂಬುದನ್ನೂ ಹೇಳಿದೆ.

ಅವನು ಬಾಯಿ ತೊಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತ. ಬಹಳ ಹೊತ್ತು ಚೊಂಬು ತಿರುಗಿಸುತ್ತಿದ್ದ.

"ದುಡ್ಡು ನನಗೆ ಲೆಕ್ಕಕ್ಕಿಲ್ಲ. ಗೇಮೂ ಹೋಗ್ಲಿ. ಅವನೇ ಮಾಡಿರ್ತಾನಾ ಅಂತ ನಾನು ಕೇಳಿದಾಗ ಏನಂದೆ ನೀನು?"

"ಹೇಳಿರ್ಲಿಲ್ವಾ ಅಂದೆ."

"ಹೂಂ. ನಾನು ನಂಬದೇನೇ ಕೇಳಿದ್ದೆ ಅಕ್ಕ. ನೀನು ಇಲ್ಲ ಅಂತೀಯ ಅಂತ ಕೇಳಿದ್ದೆ."

ಅಂಗಿ ಹಾಕಿಕೊಂಡು, "ನಡಿ, ಅವನ ಎದುರಿಗೆ ಹೇಳು" ಎಂದ.

ಗೆಳೆಯನ ಮನೆಯ ಮುಂದೆ ಸಣ್ಣ ಶಾಮಿಯಾನ ಹಾಕಿ, ಕುರ್ಚಿ ಹರಡಿದ್ದರು. ಗೆಳೆಯ ತಲೆ ಬೋಳಿಸಿಕೊಂಡಿದ್ದ. ತಮ್ಮನನ್ನು ಕಂಡು ಎದ್ದು ನಿಂತ, ಹತ್ತಿರ ಬರಲಿಲ್ಲ. ಮೂವರೂ ಮನೆಯ ಹಿಂದಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದೆವು. ಅಲ್ಲಿ ಹೇಳಿದೆ. ಸಾವಿನ ಮನೆಗೆ ಬಂದು ನನ್ನ ತಪ್ಪಿನ ಮಾತು ಆಡುತ್ತಿದ್ದೇನಲ್ಲ ಎಂದು ಸಂಕೋಚವಾಗಿ, ತಲೆ ತಗ್ಗಿಸಿಕೊಂಡೇ ಹೇಳಿದೆ.

"ಗೊತ್ತಿತ್ತಕ್ಕಾ" ಎಂದ ಅವನು.

ತಮ್ಮ ಅವನ ಕಡೆ ತಿರುಗಿದ. "ಏನು ಗೊತ್ತಿತ್ತು?"

"ನಿನ್ನ ಪಾಸ್‌ವರ್ಡ್ ನನ್ನ ಹತ್ರ ಇತ್ತಲ್ವಾ. ಲಾಕ್ ಆದ ದಿನಾನೇ ನಿನ್ನ ಮೇಲ್ ತೆಗೆದು ನೋಡ್ದೆ. ನೀನು ಯಾವತ್ತಾದ್ರೂ ಮೇಲ್ ನೋಡಿದ್ರೆ ತಾನೇ ನಿಂಗೆ ಗೊತ್ತಾಗೋದು. ದುಡ್ಡು ವಾಪಸ್ ಯಾವ ಫೋನಿಂದ ಕೇಳಿದಾರೆ ಅಂತ ಅದರಲ್ಲಿತ್ತು. ನಿನ್ನ ಹಳೇ ಫೋನು. ಅದು ಅಕ್ಕನ ಹತ್ರ ಇದೆ ಅಂತ ನಂಗೆ ಗೊತ್ತಿಲ್ವಾ?"

"ಗೊತ್ತಿದ್ದೂ ಏಳು ತಿಂಗಳು ಬಾಯಿ ಮುಚ್ಕೊಂಡಿದ್ದೀಯಾ?"

"ಹೇಳಿದ್ರೆ ಏನು ಮಾಡ್ತಿದ್ದೆ? ಅಕ್ಕನ ಮೇಲೆ ಹಾಕ್ತಾನೆ ಕಳ್ಳ ಅಂತಿದ್ದೆ. ಇಲ್ಲಾಂದ್ರೆ ಅಕ್ಕನ ಜೊತೆ ಮಾತು ಬಿಡ್ತಿದ್ದೆ. ಎರಡೂ ಬೇಡ ಅಂತ ಅಕ್ಕನಿಗೇ ಫೋನ್ ಮಾಡ್ದೆ. ಅವರೇ ಹೇಳ್ತಾರೆ ಅಂತ ಕಾದೆ." ಅವನು ನನ್ನನ್ನು ನೋಡಲಿಲ್ಲ. "ಬೇಗ ಹೇಳ್ತಾರೆ ಅಂದ್ಕೊಂಡಿದ್ದೆ. ಅಪ್ಪ ಕೇಳ್ತಾನೇ ಇದ್ರು, ಅವನು ಯಾಕೋ ಬರ್ತಿಲ್ಲ ಅಂತ."

ಒಳಗಿಂದ ಎಲೆ ಹಾಕುತ್ತಾರೆ ಬನ್ನಿ ಎಂದು ಕರೆದರು. ತಮ್ಮ ಒಳಗೆ ಹೋಗಿ, ಹಾರ ಹಾಕಿದ ಫೋಟೋದ ಮುಂದೆ ನೆಲಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಎದ್ದು ನೀರಿನ ಜಗ್ಗು ಹಿಡಿದು ಬಡಿಸುವವರ ಹಿಂದೆ ಹೋದ. ಗೆಳೆಯ ಅವನ ಕೈಯಿಂದ ಜಗ್ಗು ತೆಗೆದುಕೊಳ್ಳಲು ಹೋದ, ಇವನು ಬಿಡಲಿಲ್ಲ. ಇಬ್ಬರೂ ಅದನ್ನು ಹಿಡಿದುಕೊಂಡು ಒಂದು ಕ್ಷಣ ನಿಂತದ್ದನ್ನು ನಾನು ಎಲೆಯ ಮುಂದೆ ಕೂತು ನೋಡಿದೆ.

ಈಗ ಅವರಿಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ದಿನಾ ಅಲ್ಲ. ಆಟದವರು ಬಾಗಿಲು ತೆರೆಯಲಿಲ್ಲ. ಹಳೆಯ ಪಾಸ್‌ವರ್ಡನ್ನು ತಮ್ಮ ಬದಲಿಸಿದ. ಹೊಸದನ್ನು ಗೆಳೆಯನಿಗೆ ಕೊಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಮುಖವೂ ನನಗಿಲ್ಲ.

ಕಾರ್ಯದ ಮುಂದಿನ ಭಾನುವಾರ ತಮ್ಮ ಮನೆಗೆ ಬಂದು ನನ್ನ ಫೋನು ಕೇಳಿದ. ಏನೇನೋ ಒತ್ತಿ ತನ್ನ ಐಡಿ ತೆಗೆದು, ನನ್ನ ಹೆಸರಿನಲ್ಲಿ ಹೊಸದು ಮಾಡಿದ. ಸಿಟ್ಟಿನಿಂದ ಮಾಡಲಿಲ್ಲ, ಪಾಸ್‌ವರ್ಡನ್ನು ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ದೊಡ್ಡದಾಗಿ ಬರೆದೂ ಕೊಟ್ಟ. ನನ್ನ ಹಾಡಿನ ಪಟ್ಟಿ ಅವನ ಐಡಿಯ ಜೊತೆಗೇ ಹೋಯಿತು. ಹೊಸಬಳೆಂದು ಹಾಡಿನವರು ನನಗೂ ಮೂರು ತಿಂಗಳು ಪುಕ್ಕಟೆ ಕೊಟ್ಟಿದ್ದಾರೆ. ನನ್ನ ಇಷ್ಟವೇನೆಂದು ಅದಕ್ಕಿನ್ನೂ ಗೊತ್ತಿಲ್ಲ, ಯಾರಿಗೋ ಹಾಕುವ ಹಾಡನ್ನು ನನಗೆ ಹಾಕುತ್ತದೆ.

ಲೈನಿಂಗ್ ಬಟ್ಟೆಯನ್ನು ಅವನು ಈಗಲೂ ತಂದುಕೊಡುತ್ತಾನೆ. ಈಗ ಅದರ ಜೊತೆ ಅಂಗಡಿಯ ಬಿಲ್ಲೂ ಇರುತ್ತದೆ, ನಾನು ಅಷ್ಟು ದುಡ್ಡು ಕೊಟ್ಟರೆ ಬೇಡವೆನ್ನದೆ ಎಣಿಸಿಕೊಂಡು ಜೇಬಿಗಿಡುತ್ತಾನೆ. ಮೊದಲ ಸಲ ಹಾಗೆ ತಂದಾಗ, ಅವನು ಬಸ್ ಸ್ಟಾಪಿನ ಕಡೆ ತಿರುಗಿದ ಮೇಲೆ ನನ್ನ ಕೈ ತಾನಾಗಿಯೇ ಬಿಲ್ಲನ್ನು ಎತ್ತಿಕೊಂಡಿತು. ಟೇಪು ಹಿಡಿದು ಬಟ್ಟೆ ಅಳೆದೆ, ಬಿಲ್ಲಿನೊಂದಿಗೆ ತಾಳೆ ನೋಡಿದೆ. ಸರಿ ಇತ್ತು.